ಅವರವರ ಮನೇಲೇ ಫ್ಯಾಮಿಲಿ ಫೋಟೊ ತೆಗೆಯೋದು: ಬೆಳಕು, ಸಂಕೋಚ, ಹಿರಿಯರು, ಮಕ್ಕಳು, ಅನುಭವ ಇರೋರು ಹೇಳಿ

ಹೊಸಬೆಳಕು (ಹಾಸನ)

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಮದುವೆ, ಗೃಹಪ್ರವೇಶ, ನಾಮಕರಣ ಅಂತ ಸೀನಿಯರ್ ಒಬ್ರ ಜೊತೆ ಎರಡನೇ ಕ್ಯಾಮೆರಾ ಹಿಡ್ಕೊಂಡು ಹೋಗ್ತಿದ್ದೆ. ಈಗ ಸ್ವಂತವಾಗಿ ಒಂದು ಕೆಲಸ ಶುರು ಮಾಡಿದೀನಿ, ಫಂಕ್ಷನ್ ಏನೂ ಇಲ್ಲದ ಮಾಮೂಲಿ ದಿನ ಮನೆಗೇ ಹೋಗಿ ಮನೆಮಂದಿ ಫೋಟೊ ತೆಗೆಯೋದು. ರೆಸಾರ್ಟು, ಪಾರ್ಕು, ಸೂರ್ಯಕಾಂತಿ ಹೊಲ ಯಾವ್ದೂ ಬೇಡ. ಅವರು ಊಟಕ್ಕೆ ಕೂರೋ ಜಾಗ, ಮಕ್ಕಳು ಹೋಂವರ್ಕ್ ಮಾಡೋ ಜಾಗ, ಅಜ್ಜಿ ಹೂ ಕಟ್ಟೋ ಮೂಲೆ, ಅಷ್ಟೇ.

ಕಷ್ಟ ಏನಂದ್ರೆ ನಾನು ಹೋಗೋಷ್ಟ್ರಲ್ಲಿ ಮನೆ ದಿನಾ ಇದ್ದಂಗೆ ಇರಲ್ಲ. ಎಲ್ಲಾ ಒರೆಸಿ, ಮಡಚದ ಬಟ್ಟೆ ರಾಶೀನ ರೂಮಿಗೆ ತಳ್ಳಿ ಬಾಗ್ಲು ಹಾಕಿ, ರೇಷ್ಮೆ ಸೀರೆ ಉಟ್ಕೊಂಡು, ಮಕ್ಕಳಿಗೆ ಪೌಡರ್ ಬಳಿದು, ಸೋಫಾ ಮೇಲೆ ಸಾಲಾಗಿ ಕೂತಿರ್ತಾರೆ. ಎರಡೂ ಕೈ ಮಂಡಿ ಮೇಲೆ. ತಾತಂದಿರಂತೂ ನಗೋದೇ ಇಲ್ಲ. "ಆರಾಮಾಗಿರಿ, ನನ್ ಕಡೆ ನೋಡ್ಬೇಡಿ" ಅಂದ್ರೆ ಇನ್ನೂ ಬಿಗಿಯಾಗ್ತಾರೆ. ಜೊತೆಗೆ ಟ್ಯೂಬ್‌ಲೈಟು, ಗಿಳಿಹಸಿರು ಗೋಡೆ, ಇರೋ ಒಂದು ಕಿಟಕಿಗೂ ದಪ್ಪ ಕರ್ಟನ್. ನನ್ನ ಹತ್ರ ಇರೋದು ಕ್ರಾಪ್ ಸೆನ್ಸರ್ ಬಾಡಿ (ಸಣ್ಣ ಸೆನ್ಸರಿನ ಕ್ಯಾಮೆರಾ), ಅದರ ಜೊತೆ ಬಂದ ಕಿಟ್ ಲೆನ್ಸು, ಒಂದು 50 ಎಂಎಂ ಲೆನ್ಸು. ಈ ಕೆಲಸ ಮಾಡಿರೋರು ದಯವಿಟ್ಟು ಬಿಡಿಸಿ ಹೇಳಿ.

ಬೆಳಕಿಂಡಿ (ಮೈಸೂರು)

ಮೊದ್ಲು ಬೆಳಕು ಸರಿ ಮಾಡ್ಕೊಳಿ, ಉಳಿದಿದ್ದು ಆಮೇಲೆ. ಒಳಗೆ ಹೋಗಿ ನೀರು ಕುಡಿದಾದ್ಮೇಲೆ ಎಲ್ಲಾ ಲೈಟು ಆರಿಸೋಕೆ ಹೇಳಿ. ಮನೆಯವರು ಬೇಡ ಕತ್ತಲಾಗತ್ತೆ ಅಂತಾರೆ, ಪರವಾಗಿಲ್ಲ ಆರಿಸಿ. ಬೆಳಕಿನ ಬಣ್ಣ ಅಳೆಯೋ ಲೆಕ್ಕದಲ್ಲಿ ಕಿಟಕಿ ಬೆಳಕು ಸುಮಾರು 5500 ಕೆಲ್ವಿನ್, ಬಿಳಿ ಟ್ಯೂಬು 6500, ದೇವರ ಮನೆಯ ಹಳದಿ ಬಲ್ಬು 2700, ಮೂರೂ ಒಟ್ಟಿಗೆ ಬಿದ್ರೆ ಒಂದು ಕೆನ್ನೆ ನೀಲಿ ಒಂದು ಕೆನ್ನೆ ಹಳದಿ ಆಗತ್ತೆ, ಆಮೇಲೆ ಕಂಪ್ಯೂಟರ್ ಮುಂದೆ ಎಷ್ಟು ಕೂತ್ರೂ ಅದು ಸರಿಹೋಗಲ್ಲ. ಒಂದೇ ಬೆಳಕು ಇಟ್ಕೊಳಿ, ಅದು ಮಂದ ಇದ್ರೂ ಚಿಂತೆ ಇಲ್ಲ. ಈಗಿನ ಬಾಡಿಗಳಲ್ಲಿ ಐಎಸ್‌ಒ (ಮಂದ ಬೆಳಕಲ್ಲಿ ಏರಿಸೋ ಸೆಟ್ಟಿಂಗ್) 3200, 6400 ಧಾರಾಳವಾಗಿ ಇಡಬಹುದು. ಸ್ವಲ್ಪ ಗ್ರೇನ್ (ಕಾಳುಕಾಳು) ಬಂದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ, ಮಗು ಮುಖ ಶೇಕ್ ಆಗಿದ್ರೆ ಮಾಡ್ಕೊತಾರೆ. ಓಡಾಡೋ ಮಕ್ಕಳಿಗೆ ಶಟರ್ ವೇಗ 1/250 ಸೆಕೆಂಡಿಗಿಂತ ಕೆಳಗೆ ಬೇಡ.

ಲೈಟ್ ಆರಿಸೋಕೆ ಆಗದ ಮನೆಗಳಿವೆ, ಒಳಕೋಣೆಗೆ ಕಿಟಕೀನೇ ಇರಲ್ಲ. ಅಲ್ಲಿ ಒಂದು ನೆನಪಿಡಿ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಟ್ಯೂಬು, ಕಮ್ಮಿ ಬೆಲೆಯ ಎಲ್‌ಇಡಿ ಎಲ್ಲಾ ಸೆಕೆಂಡಿಗೆ 100 ಸಲ ಮಿನುಗ್ತಿರತ್ತೆ, ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗತ್ತೆ. ಶಟರ್ 1/100 ಅಥವಾ 1/50 ಇಟ್ರೆ ಫೋಟೊದಲ್ಲಿ ಕಪ್ಪು ಪಟ್ಟೆ ಬರಲ್ಲ. ಸದ್ದು ಬರಬಾರದು ಅಂತ ಮಿರರ್‌ಲೆಸ್‌ನಲ್ಲಿ ಸೈಲೆಂಟ್ ಶಟರ್ ಹಾಕ್ತಾರಲ್ಲ, ಎಲ್‌ಇಡಿ ಕೆಳಗೆ ಪಟ್ಟೆ ಜಾಸ್ತಿ ಬರೋದೇ ಅದ್ರಲ್ಲಿ.

ಗಿಳಿಹಸಿರು ಗೋಡೆಗೆ ಒಂದೇ ಉಪಾಯ, ಜನರನ್ನ ಗೋಡೆಯಿಂದ ಮೂರ್ನಾಲ್ಕು ಅಡಿ ಮುಂದೆ ಕರ್ಕೊಂಡು ಬನ್ನಿ. ಹಳೇ ಮನೆಗಳ ಕೆಂಪು ಗಾರೆ ನೆಲಾನೂ ಹಂಗೇ, ನೋಡೋಕೆ ಚೆಂದ ಆದ್ರೆ ಗದ್ದದ ಕೆಳಗೆಲ್ಲ ಕೆಂಪು ಹೊಡೆಯತ್ತೆ. ಕಿಟಕಿ ಪಕ್ಕ ನೆಲದ ಮೇಲೆ, ಫ್ರೇಮಿಗೆ ಬೀಳದ ಹಾಗೆ, ಮನೆಯವರ ಹತ್ರಾನೇ ಒಂದು ಬಿಳಿ ಪಂಚೆ ಕೇಳಿ ಹಾಸಿ. ಕೆಂಪೂ ಹೋಗತ್ತೆ, ಕಣ್ಣಿನ ಕೆಳಗಿನ ನೆರಳೂ ತೆಳುವಾಗತ್ತೆ. ವಾಸ್ತು ಅಂತ ಪೂರ್ವಕ್ಕೆ ಬಾಗ್ಲು ಇಟ್ಟಿರೋ ಮನೆ ಆದ್ರೆ ಬೆಳಿಗ್ಗೆ ಬಿಸಿಲು ನೇರ ಹಾಲಿಗೆ ನುಗ್ಗತ್ತೆ, ಆ ಹೊತ್ತಲ್ಲಿ ಅದೇ ಪಂಚೇನ ಬಾಗ್ಲಿಗೆ ಇಳಿಬಿಟ್ರೆ ಬೆಳಕು ಮೆತ್ತಗಾಗತ್ತೆ.

ಲೆನ್ಸಿನ ವಿಷ್ಯ. ಕ್ರಾಪ್ ಬಾಡೀಲಿ 50 ಎಂಎಂ ಸಣ್ಣ ಹಾಲಿಗೆ ಆಗಲ್ಲ, ಬೆನ್ನು ಗೋಡೆಗೆ ತಾಗಿದ್ರೂ ಇಬ್ರು ಮಾತ್ರ ಹಿಡೀತಾರೆ. ಕಿಟ್ ಲೆನ್ಸಿನ 18 ಎಂಎಂನಲ್ಲಿ ತೆಗೆದ್ರೆ ತುದೀಲಿ ನಿಂತೋರು ಅಗಲ ಆಗ್ತಾರೆ, ಅದೂ ಯಾವಾಗ್ಲೂ ಅತ್ತೇನೋ ಚಿಕ್ಕಮ್ಮನೋ ತುದೀಲಿರ್ತಾರೆ, ಆ ಫೋಟೊ ಅವರಿಗೆ ಯಾವತ್ತೂ ಇಷ್ಟ ಆಗಲ್ಲ. ದುಡ್ಡಾದಾಗ 24 ಎಂಎಂ ಹತ್ರದ ಒಂದು ಪ್ರೈಮ್ (ಝೂಮ್ ಇಲ್ಲದ ಲೆನ್ಸು) ತಗೊಳಿ.

ಜಗಲಿಕಟ್ಟೆ (ಸಾಗರ)

ಮೇಲಿನವರು ಬೆಳಕಿನ ಬಗ್ಗೆ ಹೇಳಿದ್ದಕ್ಕೆ ನಂದೇನೂ ತಕರಾರಿಲ್ಲ. ನಾನು ಆ ಸಾಲಿನ ಬಗ್ಗೆ ಹೇಳ್ತೀನಿ.

ಹಾಸನದ ತಮ್ಮ, ಸಾಲಾಗಿ ಕೂತಿರೋರನ್ನ ನೋಡಿ ಬೇಜಾರು ಮಾಡ್ಕೋಬೇಡ. ಈ ಕೆಲಸಕ್ಕೆ ಹೊಸದಾಗಿ ಬರೋರೆಲ್ಲ ಕ್ಯಾಂಡಿಡ್ (ಪೋಸ್ ಕೊಡಿಸದೆ ತೆಗೆದದ್ದು) ಒಂದೇ ನಿಜ, ಮಂಡಿ ಮೇಲೆ ಕೈ ಇಟ್ಟು ಕೂರೋದು ಸುಳ್ಳು ಅಂತ ತಿಳ್ಕೊಂಡಿದಾರೆ. ಎಪ್ಪತ್ತು ದಾಟಿದ ಒಬ್ಬರು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಶಲ್ಯ ಸರಿ ಮಾಡ್ಕೊಂಡು, ಬೆನ್ನು ನೆಟ್ಟಗೆ ಇಟ್ಟು ನಿನ್ನ ಕ್ಯಾಮೆರಾ ನೋಡ್ತಾರೆ ಅಂದ್ರೆ ಅವರು ನಟನೆ ಮಾಡ್ತಿಲ್ಲ. ಅವರ ಕಾಲದಲ್ಲಿ ಫೋಟೊ ಅಂದ್ರೆ ಪೇಟೆ ಸ್ಟುಡಿಯೋಗೆ ಬಸ್ ಹತ್ತಿ ಹೋಗಿ, ಇಲ್ಲಾ ಊರಿಗೆ ಬಂದ ಫೋಟೊಗ್ರಾಫರ್ ಮುಂದೆ ಅಂಗಳದಲ್ಲಿ ಕುರ್ಚಿ ಹಾಕಿ, ವರ್ಷಗಳಿಗೊಂದು ಸಲ ಆಗ್ತಿದ್ದ ವಿಷಯ. ಮುಂದಿನ ತಲೆಮಾರಿಗೆ ನಾನು ಹೀಗೆ ಕಾಣಬೇಕು ಅಂತ ಅವರೇ ನಿರ್ಧಾರ ಮಾಡಿರ್ತಾರೆ. ಅದನ್ನ ನಾವು ಯಾಕೆ ಕೆಡಿಸ್ಬೇಕು? ನಗಬೇಕು ಅಂತ ಅವರಿಗೆ ಅನ್ನಿಸಿಲ್ಲ, ನಗಿಸೋಕೆ ಹೋಗಬೇಡ.

ನಾನು ಮಾಡೋದು ಹೀಗೆ. ಹೋದ ಮೇಲೆ ಕಾಫಿ ಕುಡೀತೀನಿ, ಬೇಡ ಅನ್ನಲ್ಲ. ಕುಡಿಯುವಾಗ ಕ್ಯಾಮೆರಾ ಚೀಲದಲ್ಲೇ ಇರ್ತದೆ. ಆಮೇಲೆ ಮೊದಲು ಅವರಿಗೆ ಬೇಕಾದ ಸಾಲಿನ ಫೋಟೊನೇ, ಅದೂ ಕಾಟಾಚಾರಕ್ಕಲ್ಲ, ಪೂರ್ತಿ ಮನಸ್ಸಿಟ್ಟು. ಟ್ರೈಪಾಡ್ ಹಾಕಿ, ಎರಡು ಸಾಲಿದ್ರೆ ಹಿಂದಿನವರೂ ಸ್ಪಷ್ಟ ಬರ್ಲಿ ಅಂತ ಲೆನ್ಸಿನ ಕಿಂಡಿ ಎಫ್ 5.6 ಇಟ್ಟು, ಜಗಲಿ ಬೆಳಕಿಗೆ ಮುಖ ಮಾಡಿಸಿ, ಹಿರಿಯರನ್ನ ನಡುವೆ ಕೂರಿಸಿ, ಒಬ್ಬೊಬ್ಬರ ಕಾಲರು ಸೆರಗು ನೋಡಿ, ಕಣ್ಣು ಮುಚ್ಚೋರು ಇದ್ದೇ ಇರ್ತಾರಂತ ಬೇಕಾದಷ್ಟು ಸಲ ಒತ್ತಿ, ಬ್ಯಾಕ್‌ಸ್ಕ್ರೀನಲ್ಲಿ ಅಜ್ಜಂಗೆ ತೋರಿಸ್ತೀನಿ. ಅವರು ತಲೆ ಆಡಿಸಿದ್ರೆ ಕೆಲಸ ಆಯ್ತು. ಅಲ್ಲಿಗೆ ಅವರ ಲೆಕ್ಕದಲ್ಲಿ ಫೋಟೊ ತೆಗೆದು ಮುಗೀತು. ಒಬ್ರು ಅಡಿಗೆ ಮನೆಗೆ ಹೋಗ್ತಾರೆ, ಒಬ್ರು ಕವಳದ (ಎಲೆ ಅಡಿಕೆ) ತಟ್ಟೆ ಎಳ್ಕೊತಾರೆ, ಸೊಸೆ ಒಡವೆ ಬಿಚ್ಚಿಡ್ತಾಳೆ, ಮಕ್ಕಳು ಅಂಗಿ ಕಳಚಿ ಓಡ್ತಾವೆ. ನೀನು ಕೇಳ್ತಿರೋ ಮನೆ ಆಗ ಶುರುವಾಗ್ತದೆ. ನೀನು ಸುಮ್ನೆ ಅಲ್ಲೇ ಇರಬೇಕು ಅಷ್ಟೆ.

ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನ ಹುಡುಕಿ ನೋಡು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ ಆಗಿತ್ತಲ್ಲ, ಆಗ ಯುನಿಸೆಫ್‌ನವರು ಅವರು ತೆಗೆದ ಮಕ್ಕಳ ಚಿತ್ರಗಳನ್ನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಕ್ಕಿಟ್ರು. ಎಲ್ಲಾ ಮಾಮೂಲಿ ಜನ, ಮಾಮೂಲಿ ಜಾಗ. ಒಬ್ಬರೂ ಸಣ್ಣವರಾಗಿ ಕಾಣಲ್ಲ ಅವರ ಫೋಟೊದಲ್ಲಿ.

ಧಾರವಾಡದಾಂವ

ಜಗಲಿಕಟ್ಟೆಯವ್ರು ಹೇಳಿದ್ದು ಖರೇ ಐತ್ರಿ, ಆದ್ರ ಒಂದು ಮಾತು ನಾ ಒಪ್ಪಂಗಿಲ್ಲ. ಮೊದಲ ಸಾಲಿಂದು ಅಂದ್ರ ಸಣ್ಣ ಹುಡುಗ್ರು ಇರೂ ಮನ್ಯಾಗ ನಡಿಯಂಗಿಲ್ಲ. ಎಲ್ಲಾರೂ ರೆಡಿ ಆಗಿ, ಮಾವ ಬಂದು, ದೊಡ್ಡಪ್ಪ ಬಂದು, ಕೂಡೂದ್ರಾಗ ಆ ಎರಡ್ ವರ್ಷದ ಕೂಸು ಅಳಾಕ ಚಾಲೂ ಮಾಡಿರ್ತೈತಿ, ಮುಂದ ಇಡೀ ದಿನ ಕ್ಯಾಮೆರಾ ಕಂಡ್ರ ಅಳತೈತಿ. ನಾ ಮೊದಲ ಹುಡುಗ್ರ ಕೂಡ ನೆಲದ ಮ್ಯಾಲೆ ಕುಂಡರ್ತೇನಿ. ಅವರ ಆಟಗಿ ಸಾಮಾನು ತೋರಸ್ತಾರ, ನನ್ನ ಕ್ಯಾಮೆರಾ ಕೇಳ್ತಾರ, ಕುತ್ತಿಗಿಗೆ ಪಟ್ಟಿ ಹಾಕಿ ಕೊಡ್ತೇನ್ರಿ, ಅವರ ನನ್ನ ಫೋಟೊ ಹೊಡೀತಾರ. ಅಷ್ಟ ಆದ ಮ್ಯಾಲೆ ನಂದು ಅವರದು ದೋಸ್ತಿ. ಆಮ್ಯಾಲೆ ಸಾಲಿಂದು.

ಇನ್ನ ಬೆಳಕು. ನಮ್ಮ ಕಡೆ ಜಂತಿ ಮನಿ ಒಳಗ ಹೋದ್ರ ಕತ್ತಲಿ ಅಂತ ಹೊಸಬರು ಗಾಬರಿ ಆಗ್ತಾರ. ಮ್ಯಾಲೆ ನೋಡ್ರಿ, ಮಾಳಿಗಿಗೆ ಬೆಳಕಿಂಡಿ ಇರತಾವ. ಮಧ್ಯಾಹ್ನ ಹನ್ನೊಂದರಿಂದ ಒಂದರ ತನಕ ಅದರಾಗಿಂದ ಬೆಳಕು ಕೋಲಿನಂಗ ಇಳೀತೈತಿ, ಒಲಿ ಹೊತ್ತಿಸಿದ್ರಂತೂ ಹೊಗಿ ಒಳಗ ಕಾಣತೈತಿ. ಆ ಬೆಳಕಿನ ಬುಡಕ ನೇರ ಕುಂಡರಿಸಬ್ಯಾಡ್ರಿ, ಕಣ್ಣು ಕುಣಿ ಬೀಳತಾವ. ಒಂದ್ ಎರಡ್ ಹೆಜ್ಜಿ ಆಚೆ ಕುಂಡರಿಸಿದ್ರ ನೆಲದ ಮ್ಯಾಲಿಂದ ವಾಪಸ್ ಬರೂ ಬೆಳಕು ಮಾರಿಗೆ ಬೀಳತೈತಿ. ಅವ್ವಾರು ರೊಟ್ಟಿ ಬಡಿಯೂದನ್ನ ನಾ ಅಲ್ಲೇ ತಗೀತೇನಿ. ಫ್ಲ್ಯಾಶ್ ಬ್ಯಾಡ್ರಿ, ಜಂತಿ ಕಪ್ಪು ಇರತೈತಿ, ಬೆಳಕು ಅದಕ್ಕ ಬಡದು ವಾಪಸ್ ಬರಂಗಿಲ್ಲ. ಬಿಳಿ ಸೀಲಿಂಗ್ ಇರೂ ಆರ್‌ಸಿಸಿ ಮನಿಗೆ ಬೇಕಾದ್ರ ಫ್ಲ್ಯಾಶ್ ಮ್ಯಾಲೆ ಮುಖ ಮಾಡಿ ಹೊಡೀರಿ.

ಹೊಸಬೆಳಕು (ಹಾಸನ)

ಜಗಲಿಕಟ್ಟೆ ಸರ್, ನೀವು ಹೇಳಿದ್ದು ನಾನು ಯೋಚನೆ ಮಾಡಿರ್ಲೇ ಇಲ್ಲ. ಧಾರವಾಡದ ಅಣ್ಣ, ಮಕ್ಕಳು ಮೊದ್ಲು ಅನ್ನೋದೂ ಸರಿ ಅನ್ಸತ್ತೆ, ಮನೇಲಿ ಯಾರಿದಾರೆ ನೋಡ್ಕೊಂಡು ಮಾಡ್ತೀನಿ. ಇನ್ನೊಂದು ವಿಷ್ಯ, ಮೂರೇ ಜನ ಇದ್ರೆ ಫೋಟೊ ಬೇಡ ಅಂತಾರಲ್ಲ ಕೆಲವು ಕಡೆ? ಆಮೇಲೆ ಎಳೇ ಮಗೂಗೆ ದೃಷ್ಟಿ ಆಗತ್ತೆ ಅಂತಾರೆ, ಆಗೇನು ಮಾಡ್ತೀರಾ?

ಬೆಳಕಿಂಡಿ (ಮೈಸೂರು)

ವಾದ ಮಾಡ್ಬೇಡಿ. ಮೂವರಾದ್ರೆ ಇಬ್ಬಿಬ್ಬರದ್ದು ತೆಗೀರಿ, ಇಲ್ಲಾ ಪಕ್ಕದ ಮನೆ ಮಗು ಬರ್ಲಿ. ಎಳೇ ಮಗೂಗೆ ದೃಷ್ಟಿಬೊಟ್ಟು ಇಟ್ಟಿದ್ರೆ ಹಾಗೇ ಇರ್ಲಿ, ಎಡಿಟಿಂಗಲ್ಲಿ ಅಳಿಸ್ಬೇಡಿ.

ಅಮ್ಮನಕ್ಯಾಮೆರಾ (ಬೆಂಗಳೂರು)

ಎಲ್ಲರೂ ಅಜ್ಜಂದಿರ ಬಗ್ಗೆ, ಮಕ್ಕಳ ಬಗ್ಗೆ ಬರ್ದಿದೀರ, ನಾನು ಮನೆಯ ಹೆಂಗಸರ ಬಗ್ಗೆ ಬರೀತೀನಿ, ಸ್ವಲ್ಪ ಉದ್ದ ಆಗತ್ತೆ.

ಯಾವ ಮನೆಗೆ ಹೋದ್ರೂ ಫೋಟೊದಲ್ಲಿ ಕಮ್ಮಿ ಇರೋದು ಅಮ್ಮ. ಎಲ್ಲರನ್ನೂ ರೆಡಿ ಮಾಡಿ, ನಿಮಗೆ ಉಪ್ಪಿಟ್ಟು ಕಾಫಿ ಮಾಡಿ, "ನಂದೇನು ಬಿಡಿ, ಮಕ್ಕಳದ್ದು ತೆಗೀರಿ" ಅಂತಾರೆ. ಹಳೇ ಆಲ್ಬಂ ತೆಗೆಸಿ ನೋಡಿ, ಮಕ್ಕಳು ಹುಟ್ಟಿದಾಗಿಂದ ಅವರ ಒಂಟಿ ಫೋಟೊ ಒಂದೂ ಇರಲ್ಲ. ನಾನು ಬುಕಿಂಗ್ ಮಾಡುವಾಗ್ಲೇ ಹೇಳಿಬಿಡ್ತೀನಿ, ಆ ದಿನ ತಿಂಡಿ ಹೊರಗಿಂದ ತರಿಸಿ ಇಲ್ಲಾ ಬೇರೆ ಯಾರಾದ್ರೂ ಮಾಡ್ಲಿ ಅಂತ. ಅಡಿಗೆ ಮನೇಲೇ ತೆಗೀತೀನಿ ಅಂದ್ರೆ ಮೊದ್ಲು ಕೇಳಿ, ಕೆಲವು ಮನೇಲಿ ಮಡಿ ಇರತ್ತೆ, ದೇವರ ಮನೆಗಂತೂ ಕರೆಯದೆ ಹೊಸ್ತಿಲು ದಾಟ್ಬೇಡಿ, ಹೊರಗೆ ನಿಂತೇ ತೆಗೀಬಹುದು.

ಇನ್ನೊಂದು, ಇದನ್ನ ಹೇಳಲೇಬೇಕು. ಗ್ರೂಪ್ ಫೋಟೊ ಅಂದಾಗ ಗಂಡ ಇಲ್ಲದ ಅಜ್ಜಿ ತಾವಾಗೇ ಪಕ್ಕಕ್ಕೆ ಸರೀತಾರೆ, ಇಲ್ಲಾ ಹಿಂದೆ ಬಾಗ್ಲಲ್ಲಿ ನಿಂತ್ಕೊತಾರೆ. ಯಾರೂ ಕರೆಯಲ್ಲ, ಬೇಕು ಅಂತ ಅಲ್ಲ, ರೂಢಿ ಆಗಿಬಿಟ್ಟಿರತ್ತೆ. ಫೋಟೊಗ್ರಾಫರ್ ಮಾತಿಗೆ ಆ ಹೊತ್ತಲ್ಲಿ ಒಂದು ಬೆಲೆ ಇರತ್ತೆ, ನಾವು ಹೇಳಿದ ಕಡೆ ಜನ ನಿಲ್ತಾರೆ. ಆ ಬೆಲೇನ ಇಲ್ಲಿ ಬಳಸಿ. "ಅಜ್ಜಿ, ಬೆಳಕು ಇಲ್ಲಿ ಚೆನ್ನಾಗಿದೆ, ನೀವು ನಡುವೆ ಕೂತ್ಕೊಳಿ" ಅಂದ್ರೆ ಯಾರೂ ತಕರಾರು ಮಾಡಲ್ಲ. ಅಜ್ಜಿ ಕೂತ್ಕೊತಾರೆ, ಮೊಮ್ಮಕ್ಕಳು ತಾವಾಗೇ ತೊಡೆ ಮೇಲೆ ಬರ್ತಾರೆ.

ಹಾಗೇ ಹಿರಿಯರು ಒಬ್ಬೊಬ್ಬರದ್ದೂ ಒಂಟಿ ಫೋಟೊ ತೆಗೀರಿ, ಎದೆಮಟ್ಟ, ಕಿಟಕಿ ಪಕ್ಕ, ಹಿಂದೆ ಖಾಲಿ ಗೋಡೆ. ಯಾಕೆ ಅಂತ ಹೇಳ್ಬೇಕಿಲ್ಲ. ಎಷ್ಟು ಮನೆಗಳಲ್ಲಿ ಹಾರ ಹಾಕಿರೋ ಫೋಟೊ ಯಾವುದೋ ಮದುವೆ ಗುಂಪಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು, ಪಕ್ಕದವರ ಭುಜ ಇನ್ನೂ ಕಾಣ್ತಿರತ್ತೆ, ಇಲ್ಲಾ ಆಧಾರ್ ಕಾರ್ಡಿನ ಫೋಟೊ. ಅವರು ಚೆನ್ನಾಗಿ ಓಡಾಡ್ಕೊಂಡಿರುವಾಗ ತೆಗೆದ ಒಂದು ಒಳ್ಳೇ ಚಿತ್ರ ಆ ಮನೆಗೆ ಸಿಗಬೇಕು.

ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಬೇಕು ಅಂತಾನೂ ಹೇಳ್ತೀನಿ. ಇದು ಇವತ್ತಿನ ಮಾತಲ್ಲ, ಹೈದರಾಬಾದಲ್ಲಿ ನಿಜಾಮರ ಫೋಟೊಗ್ರಾಫರ್ ಆಗಿದ್ದ ರಾಜಾ ದೀನ್‌ದಯಾಳ್ 1892ರಲ್ಲೇ ಪರದೆ ಒಳಗಿನ ಹೆಂಗಸರಿಗೋಸ್ಕರ ಬೇರೆ ಜನಾನಾ ಸ್ಟುಡಿಯೋ ತೆಗೆದು, ಅದನ್ನ ನಡೆಸೋಕೆ ಒಬ್ಬ ಇಂಗ್ಲಿಷ್ ಮಹಿಳೇನ ಇಟ್ಟಿದ್ರು. ಇವತ್ತಿಗೂ ಶಿವಾಜಿನಗರದ ಕೆಲವು ಮನೆಗಳಲ್ಲಿ, ಬಾಣಂತಿ ಕೋಣೆಗಳಲ್ಲಿ ನನಗೆ ಬಾಗ್ಲು ತೆಗೀತಾರೆ, ನನ್ನ ಗಂಡು ಸಹೋದ್ಯೋಗಿಗಳಿಗೆ ತೆಗೆಯಲ್ಲ. ಆ ಕೋಣೆಗಳಲ್ಲಿ ಏನಾಗ್ತಿದೆ ಅಂತ ಚಿತ್ರದಲ್ಲಿ ಉಳಿಯೋದು ನಾವು ಹೋದ್ರೆ ಮಾತ್ರ.

ಧಾರವಾಡದಾಂವ

ಅಕ್ಕಾರ, ಅಜ್ಜಿನ್ನ ನಡುವ ಕುಂಡರಿಸೂ ಮಾತು ಭಾಳ ಛಲೋ ಹೇಳಿದ್ರಿ. ನಾನೂ ಇನ್ನ ಮ್ಯಾಲೆ ಹಂಗ ಮಾಡ್ತೇನ್ರಿ.

ಐನ್‌ಮನೆ (ಕೊಡಗು)

ನಮ್ಮ ಕಡೆ ಲೆಕ್ಕ ಬೇರೆ, ನಾಲ್ಕು ಜನರ ಫ್ಯಾಮಿಲಿ ಅಲ್ಲ, ಇಡೀ ಒಕ್ಕ, ಅಂದ್ರೆ ಒಂದೇ ಕುಲದವರೆಲ್ಲ. ಐನ್‌ಮನೆಗೆ (ಒಕ್ಕದ ಮೂಲ ಮನೆ) ಬೆಂಗಳೂರು, ಮೈಸೂರು, ಆರ್ಮಿ ಪೋಸ್ಟಿಂಗ್‌ನಿಂದೆಲ್ಲ ಬಂದು ಸೇರೋದು ನವೆಂಬರ್ ಡಿಸೆಂಬರಿನ ಪುತ್ತರಿ ಸುಗ್ಗಿ ಹಬ್ಬಕ್ಕೆ. ಕದಿರು (ಭತ್ತದ ತೆನೆ) ತೆಗೆಯೋದು ರಾತ್ರಿ, ಹುಣ್ಣಿಮೆ ಬೆಳಕು. ಆ ಹೊತ್ತಿಗೆ ಫ್ಲ್ಯಾಶ್ ಹೊಡೀಬೇಡಿ ಅಂತ ಕೈಮುಗಿದು ಕೇಳ್ತೀನಿ. ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆ) ತೂಗುದೀಪ ಇರತ್ತೆ, ಆ ದೀಪದ ಬೆಳಕಲ್ಲೇ, ಐಎಸ್‌ಒ ಎಷ್ಟು ಏರಿದ್ರೂ ಏರಲಿ, ಆ ಹಳದೀನ ಬಿಳಿ ಮಾಡೋಕೆ ಹೋಗದೆ ತೆಗೀರಿ. ಒಳಗೆ ಎಲ್ಲಿ ನಿಲ್ಲಬಹುದು, ಏನು ತೆಗೀಬಹುದು ಅಂತ ಒಕ್ಕದ ಪಟ್ಟೇದಾರರನ್ನ (ಹಿರಿಯ ಯಜಮಾನರು) ಮೊದಲೇ ಕೇಳಿಟ್ಕೊಳಿ.

ಎಲ್ಲರ ಗ್ರೂಪ್ ಮಾರನೇ ದಿನ ಬೆಳಿಗ್ಗೆ ಮನೆ ಮುಂದಿನ ಮೆಟ್ಟಿಲ ಮೇಲೆ. ಮೆಟ್ಟಿಲು ಇದ್ರೆ ಅರ್ಧ ಕೆಲಸ ಆದಂಗೆ, ಯಾರ ಮುಖಾನೂ ಮುಚ್ಚಲ್ಲ. ಬಿಸಿಲು ಮರದ ಮೇಲೆ ಬರೋದರೊಳಗೆ ಮುಗಿಸ್ಬೇಕು. ಕರೆಯೋಕೆ ಮನೆಯವರಲ್ಲೇ ದೊಡ್ಡ ಗಂಟಲಿನ ಒಬ್ಬರನ್ನ ಹಿಡ್ಕೊಳಿ, ನಾವು ಕೂಗಿದ್ರೆ ಯಾರೂ ಬರಲ್ಲ.

ದೂರದೇಶಿ (ಡಲ್ಲಾಸ್)

ನಾನು ಪ್ರೊಫೆಷನಲ್ ಅಲ್ಲ, ಆದ್ರೂ ಓದ್ತಾ ಇದ್ದೆ, ಬರೀಬೇಕು ಅನ್ನಿಸ್ತು. ಇಲ್ಲಿ ಕನ್ನಡದ ಮನೆಗಳಲ್ಲಿ ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬಂದಾಗ ಎಲ್ಲರೂ ಅವರನ್ನ ನಯಾಗರ, ನ್ಯೂಯಾರ್ಕ್ ಅಂತ ಕರ್ಕೊಂಡು ಹೋಗಿ ಅಲ್ಲೆಲ್ಲಾ ಫೋಟೊ ತೆಗೀತಾರೆ, ಕೊನೆಗೆ ಆಲ್ಬಂ ನೋಡಿದ್ರೆ ಪೂರ್ತಿ ಜಾಕೆಟ್ಟು ಟೋಪಿ, ಅಮ್ಮ ಈ ಅಪಾರ್ಟ್‌ಮೆಂಟಿನ ಬಾಲ್ಕನೀಲಿ ಕುಂಡದಲ್ಲಿ ಕರಿಬೇವು ಬೆಳೆಸಿದ್ದು, ಅಪ್ಪ ಮೊಮ್ಮಗಳಿಗೆ ಡೈನಿಂಗ್ ಟೇಬಲ್ ಮೇಲೆ ಅ ಆ ಇ ಈ ತಿದ್ದಿಸಿದ್ದು ಒಂದೂ ಇರಲ್ಲ. ಅವರು ವಾಪಸ್ ಹೋಗೋ ಹಿಂದಿನ ವಾರ ಒಂದು ಸಂಜೆ ಇಟ್ಕೊಳಿ, ಮನೇಲೇ ತೆಗೀರಿ. ಫೋನಲ್ಲಾದ್ರೂ ಸರಿ.

ಬೆಳಕಿಂಡಿ (ಮೈಸೂರು)

ಫೋನಲ್ಲಾದ್ರೂ ಸರಿ ಅನ್ನೋದು ನಿಜ. ಮನೆಯವರೇ ತೆಗೆದದ್ದಕ್ಕೆ ಬೇರೆ ತೂಕ ಇದೆ. ಉಮ್ರಾವ್ ಸಿಂಗ್ ಶೇರ್‌ಗಿಲ್ ಅಂತ ಇದ್ರು, ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ, 1870ರಲ್ಲಿ ಹುಟ್ಟಿ 1954ರಲ್ಲಿ ತೀರ್ಕೊಂಡ್ರು. ಬುಡಾಪೆಸ್ಟ್, ಶಿಮ್ಲಾ, ಪ್ಯಾರಿಸ್, ಎಲ್ಲೆಲ್ಲಿ ಮನೆ ಮಾಡಿದ್ರೋ ಅಲ್ಲೆಲ್ಲ ಹೆಂಡತಿ, ಇಬ್ರು ಹೆಣ್ಣುಮಕ್ಕಳು, ತಮ್ಮದೇ ಫೋಟೊ ತೆಗೀತಾ ಹೋದ್ರು, ದಶಕಗಟ್ಟಲೆ. ಅಮೃತಾ ಮಗುವಿಂದ ದೊಡ್ಡ ಕಲಾವಿದೆ ಆಗೋವರೆಗೂ ಮನೆಯೊಳಗೆ ಹೇಗಿದ್ರು ಅಂತ ಇವತ್ತು ನಮಗೆ ಕಾಣೋದು ಆ ಚಿತ್ರಗಳಿಂದ.

ಹೊಸಬೆಳಕು (ಹಾಸನ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಲಸ ಬರಬೇಕು ಅಂದ್ರೆ ಇನ್‌ಸ್ಟಾಗ್ರಾಂನಲ್ಲಿ ಹಾಕಲೇಬೇಕಲ್ಲ? ಮದುವೆ ಫೋಟೊ ಹಾಕುವಾಗ ಯಾರೂ ಏನೂ ಅಂತಿರ್ಲಿಲ್ಲ. ಮನೆಯೊಳಗಿನದ್ದು ಹಾಕೋಕೆ ಒಂಥರಾ ಅನ್ಸತ್ತೆ. ನೀವೆಲ್ಲ ಹೇಗೆ ಮಾಡ್ತೀರಾ?

ವಕೀಲರಮನೆ (ತುಮಕೂರು)

ಫೋಟೊಗ್ರಾಫರ್ ಅಲ್ಲ, ಕಾನೂನಿನ ಬಗ್ಗೆ ಮಾತ್ರ ಹೇಳ್ತೀನಿ, ಇದು ಬಹಳ ಜನಕ್ಕೆ ಗೊತ್ತಿಲ್ಲ. ತೆಗೆದವನದ್ದೇ ಹಕ್ಕು ಅಂದ್ಕೊಂಡಿರ್ತಾರೆ. ನಮ್ಮ ದೇಶದಲ್ಲಿ 1957ರ ಕಾಪಿರೈಟ್ ಕಾಯ್ದೆ 17ನೇ ಸೆಕ್ಷನ್ನಿನ ಬಿ ಭಾಗದ ಪ್ರಕಾರ, ದುಡ್ಡು ಕೊಟ್ಟು ತಮಗಾಗಿ ಫೋಟೊ ತೆಗೆಸಿದ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ, ಆ ಫೋಟೊದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ. ಅಂದ್ರೆ ನೀವು ಮನೆಯವರ ಹತ್ರ ಫೀಸ್ ತಗೊಂಡು ತೆಗೆದ ಚಿತ್ರಾನ ಕೇಳದೆ ನಿಮ್ಮ ಪೇಜಿಗೆ ಹಾಕಿದ್ರೆ ಅವರದ್ದನ್ನ ನೀವು ಬಳಸಿದಂಗೆ. ಒಂದು ಪುಟದ ಕನ್ನಡ ಒಪ್ಪಂದ ಮಾಡ್ಕೊಳಿ: ಎಷ್ಟು ಫೋಟೊ ಕೊಡ್ತೀರಿ, ಯಾವಾಗ, ಎಲ್ಲಿ ಹಾಕಬಹುದು, ಯಾವುದು ಹಾಕಬಾರದು. ಮಕ್ಕಳ ವಿಷಯ ಬಂದ್ರೆ, 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೇಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಕೆಗೆ ತಂದೆತಾಯಿ ಒಪ್ಪಿಗೆ ಬೇಕು ಅನ್ನುತ್ತೆ. ಬಾಯಿಮಾತಿನ "ಹಾಕಿ ಪರವಾಗಿಲ್ಲ" ಸಾಲದು, ಬರವಣಿಗೇಲಿ ತಗೊಳಿ.

ಮಂಡ್ಯದ್_ಹೈದ

ಇದು ಖಂಡಿತ ಬೇಕು. ನಮ್ಮೂರಿನ ಒಂದು ಸ್ಟುಡಿಯೋದವರು ನಮ್ಮಕ್ಕನ ಮಗೂದು ಮನೇಲಿ ತೆಗೆದ ಫೋಟೊನ ಕೇಳ್ದೆ ಫ್ಲೆಕ್ಸ್ ಮಾಡಿ ಅಂಗ್ಡಿ ಮುಂದೆ ಹಾಕ್ಬುಟ್ಟಿದ್ರು, ಮೈಮೇಲೆ ಬಟ್ಟೆ ಇಲ್ದಿದ್ದ ಎಣ್ಣೆಸ್ನಾನದ ಫೋಟೊ. ಅಕ್ಕ ಬಸ್ಸಲ್ಲಿ ಹೋಗೋವಾಗ ನೋಡಿದ್ದು. ಹೋಗಿ ಕೇಳಿದ್ಮೇಲೆ ತೆಗುದ್ರು, ಆದ್ರೆ ಅವಳು ಆಮೇಲೆ ಯಾವ ಫೋಟೊಗ್ರಾಫರ್ನೂ ಮನೆಗೆ ಸೇರಿಸ್ಲಿಲ್ಲ.

ಅಮ್ಮನಕ್ಯಾಮೆರಾ (ಬೆಂಗಳೂರು)

ಮಂಡ್ಯದವರೇ, ನಿಮ್ಮಕ್ಕನ ಕೋಪ ನನಗೆ ಪೂರ್ತಿ ಅರ್ಥ ಆಗತ್ತೆ.

ನನ್ನ ಪದ್ಧತಿ ಹೇಳ್ತೀನಿ. ಒಪ್ಪಿಗೆ ಎರಡು ಸಲ ಕೇಳ್ತೀನಿ, ಬುಕಿಂಗಲ್ಲಿ ಒಮ್ಮೆ, ಎಲ್ಲಾ ಫೋಟೊ ಅವರ ಕೈಗೆ ಕೊಟ್ಟಾದ್ಮೇಲೆ ಒಂದೊಂದೇ ಚಿತ್ರ ತೋರಿಸಿ ಇನ್ನೊಮ್ಮೆ. ಮೊದಲು ಹೂಂ ಅಂದವರು ಆಮೇಲೆ ಬೇಡ ಅಂದ್ರೆ ಕಾರಣ ಕೇಳಲ್ಲ. ಒಪ್ಪಿಗೆ ಇದ್ದರೂ ಸ್ನಾನ, ಹಾಲೂಡೋದು, ಅಳು, ಇವು ಯಾವತ್ತೂ ಆನ್‌ಲೈನ್ ಹೋಗಲ್ಲ. ಯೂನಿಫಾರ್ಮ್ ಮೇಲಿನ ಸ್ಕೂಲ್ ಹೆಸರು, ಗೇಟಿನ ನಂಬರು, ಬೀರು, ಒಡವೆ ಇಟ್ಟ ಜಾಗ, ಗೋಡೆ ಮೇಲಿನ ಸರ್ಟಿಫಿಕೇಟು ಕಾಣೋ ಫ್ರೇಮೂ ಇಲ್ಲ. ಹತ್ತು ವರ್ಷ ದಾಟಿದ ಮಕ್ಕಳಾದ್ರೆ ಅವರನ್ನೇ ಕೇಳ್ತೀನಿ, ಅಪ್ಪ ಅಮ್ಮ ಹೂಂ ಅಂದ್ರೂ ಹುಡುಗಿ ಮುಖ ಸಣ್ಣ ಮಾಡಿದ್ರೆ ಬಿಟ್ಟುಬಿಡ್ತೀನಿ. ಇಷ್ಟೆಲ್ಲಾ ಬಿಟ್ಟ ಮೇಲೂ ಹಾಕೋಕೆ ಬೇಕಾದಷ್ಟು ಉಳಿಯತ್ತೆ. ಈಳಿಗೆ ಮಣೆ ಮುಂದೆ ಕೂತ ಕೈಗಳು, ಬಾಗಿಲ ಚೌಕಟ್ಟಲ್ಲಿ ಮಕ್ಕಳ ಎತ್ತರ ಗುರುತು ಹಾಕಿದ ಗೆರೆಗಳು, ಜಗಲಿ ಮೇಲೆ ಪೇಪರ್ ಹಿಡಿದ ತಾತನ ಬೆನ್ನು. ನನಗೆ ಕೆಲಸ ಬರೋದು ಇವುಗಳಿಂದ್ಲೇ.

ಇನ್ನು ಲೊಕೇಶನ್. ಫೋನಲ್ಲಿ ತೆಗೆದ ಫೋಟೊ ಫೈಲಿನೊಳಗೆ ಮನೆ ಎಲ್ಲಿದೆ ಅನ್ನೋದು ಕೂತಿರತ್ತೆ, ಕ್ಯಾಮೆರಾ ಸೆಟ್ಟಿಂಗಲ್ಲೇ ಆಫ್ ಮಾಡಿ. ವಾಟ್ಸಾಪಲ್ಲಿ ಫೋಟೊ ಅಂತ ಕಳಿಸಿದ್ರೆ ಅದು ಹೋಗತ್ತೆ, ಕ್ವಾಲಿಟಿ ಬೇಕು ಅಂತ ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಹಾಗೇ ಉಳ್ಕೊಂಡಿರತ್ತೆ.

ಕಡಲತಡಿ (ಉಡುಪಿ)

ಎಲ್ಲ ಸರಿ ಮಾರಾಯ್ರೆ, ಪ್ರಿಂಟಿನ ಬಗ್ಗೆ ಒಬ್ಬರೂ ಹೇಳ್ಲಿಲ್ಲವಲ್ಲ! ಪೆನ್‌ಡ್ರೈವ್ ಕೊಟ್ಟು ಬಂದ್ರೆ ಅದು ಡ್ರಾಯರಿನಲ್ಲೇ ಇರ್ತದೆ, ಐದು ವರ್ಷ ಬಿಟ್ಟು ಹಾಕಿದ್ರೆ ಓಪನ್ ಆಗುದಿಲ್ಲ. ಮನೆಯಲ್ಲಿ ತೆಗೆದದ್ದು ಮನೆ ಗೋಡೆಗೆ ಹೋಗ್ಬೇಕು. ನಾನು ಪ್ಯಾಕೇಜಿನಲ್ಲೇ ಒಂದು 12x18 ಇಂಚಿನ ಫ್ರೇಮು, ಸ್ವಲ್ಪ 5x7 ಇಂಚಿನ ಪ್ರಿಂಟು ಸೇರಿಸಿಯೇ ರೇಟು ಹೇಳುದು. ಕರಿಜ್ಮಾ ಆಲ್ಬಂ (ಪುಟಕ್ಕೇ ಡಿಸೈನ್ ಮಾಡಿ ಪ್ರಿಂಟ್ ಹಾಕುವುದು) ಕೇಳಿದ್ರೆ ಮಾಡಿಕೊಡ್ತೇನೆ, ಆದ್ರೆ ಆ ಹೂವಿನ ಬ್ಯಾಕ್‌ಗ್ರೌಂಡು, ಮೋಡದೊಳಗೆ ಮುಖ, ಅದೆಲ್ಲ ಇಲ್ಲ, ಒಂದು ಪುಟಕ್ಕೆ ಒಂದು ಚಿತ್ರ ಅಷ್ಟೇ.

ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಫೋಟೊ ಹಾಳಾಗುದು ಎಲ್ಲರಿಗೂ ಗೊತ್ತುಂಟು. ಫ್ರೇಮಿನ ಗಾಜು ಫೋಟೊಕ್ಕೆ ತಾಗಿಕೊಂಡಿದ್ರೆ ತೇವಕ್ಕೆ ಅಂಟಿ ಹೋಗ್ತದೆ, ಆಮೇಲೆ ಎಳೆದ್ರೆ ಮುಖವೇ ಗಾಜಿಗೆ ಬರ್ತದೆ. ಫ್ರೇಮು ಮಾಡುವವರಿಗೆ ಹೇಳಿ ನಡುವೆ ದಪ್ಪ ಮೌಂಟ್ ಬೋರ್ಡು ಹಾಕಿಸಿ. ಹೊರಗಿನ ಗೋಡೆಗೆ ತೂಗು ಹಾಕ್ಬೇಡಿ, ಮಳೆಗೆ ಅದು ಒದ್ದೆಯಾಗಿಯೇ ಇರ್ತದೆ, ಒಳಗೋಡೆ ಒಳ್ಳೇದು, ಬಿಸಿಲು ಬೀಳದ ಕಡೆ. ಬಿಡಿ ಪ್ರಿಂಟು ಇಡುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪ್ಯಾಕೆಟು ಹಾಕಿ, ಲೆನ್ಸಿಗೂ ಅದೇ ಮದ್ದು.

ಹೊಸಬೆಳಕು (ಹಾಸನ)

ಕಡಲತಡಿ ಅಣ್ಣ, ಅಂಟಿ ಹೋಗಿರೋ ಹಳೇ ಫೋಟೊಗಳು ನಾನು ಹೋದ ಸುಮಾರು ಮನೇಲಿವೆ. ಮುತ್ತಜ್ಜಂದು ಒಂದೇ ಒಂದು ಇದೆ, ಕಾಪಿ ಮಾಡಿಕೊಡ್ತೀರಾ ಅಂತ ಕೇಳ್ತಾರೆ. ಗಾಜಿಂದ ಬಿಡಿಸೋಕೆ ಭಯ.

ಕಡಲತಡಿ (ಉಡುಪಿ)

ಬಿಡಿಸ್ಲೇಬೇಡಿ. ಗಾಜಿನ ಸಮೇತ ಗೋಡೆಯಿಂದ ಇಳಿಸಿ, ಗಾಜು ಒರೆಸಿ, ಕಿಟಕಿ ಪಕ್ಕದ ಮೇಜಿನ ಮೇಲೆ ಚಪ್ಪಟೆ ಇಡಿ. ಬೆಳಕು ಬದಿಯಿಂದ ಬರಬೇಕು, ಮೇಲಿನಿಂದ ಅಲ್ಲ. ಟ್ರೈಪಾಡಿನಲ್ಲಿ ಕ್ಯಾಮೆರಾ ನೇರ ಕೆಳಮುಖ, ನಿಮ್ಮ 50 ಎಂಎಂ ಇದಕ್ಕೆ ಸರೀ ಆಗ್ತದೆ. ಕಪ್ಪು ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ಕ್ಯಾಮೆರಾಕ್ಕೆ ಹೊದಿಸಿದ್ರೆ ಗಾಜಿನಲ್ಲಿ ನಿಮ್ಮ ನೆರಳು ಕಾಣುದಿಲ್ಲ. ಎಫ್ 8, ಐಎಸ್‌ಒ 100, ಎರಡು ಸೆಕೆಂಡ್ ಟೈಮರ್, ರಾ ಫೈಲಿನಲ್ಲಿ (ಕ್ಯಾಮೆರಾ ಕುಗ್ಗಿಸದ ಮೂಲ ಫೈಲು). ಫ್ರೇಮಿನ ಹಿಂದೆ ಸ್ಟುಡಿಯೋದ ಸೀಲು, ಇಸವಿ ಏನಾದ್ರೂ ಉಂಟಾ ನೋಡಿ, ಅದನ್ನೂ ಒಂದು ಫೋಟೊ ತೆಗೀರಿ.

ಜಗಲಿಕಟ್ಟೆ (ಸಾಗರ)

ಅದರ ಜೊತೆಗೇ ತಮ್ಮ, ಆ ಹಳೇ ಫೋಟೊ ಮನೆಯ ಅತಿ ಹಿರಿಯರ ಕೈಗೆ ಕೊಟ್ಟು ಇವರ್ಯಾರು, ಇವರ್ಯಾರು ಅಂತ ಎಡದಿಂದ ಕೇಳ್ತಾ ಹೋಗು, ಫೋನಲ್ಲಿ ವಾಯ್ಸ್ ರೆಕಾರ್ಡ್ ಹಾಕಿಟ್ಕೋ, ಕೇಳಿಯೇ ಹಾಕು. ಹೆಸರು ಗೊತ್ತಿರೋರು ಅವರೊಬ್ಬರೇ ಇರ್ತಾರೆ. ನೀನು ತೆಗೆದ ಹೊಸ ಸಾಲಿನ ಫೋಟೊಕ್ಕೂ ಹೆಸರು, ಸಂಬಂಧ, ಊರು, ತಾರೀಕು ಬರೆದು ಒಂದು ಚೀಟಿ ಫ್ರೇಮಿನ ಹಿಂದೆ ಅಂಟಿಸು, ಫೋಟೊ ಮೈಮೇಲೆ ಬಾಲ್‌ಪೆನ್ನಲ್ಲಿ ಒತ್ತಿ ಬರೀಬೇಡ. ಆ ಹಿರಿಯರು ಹೆಸರು ಹೇಳುವಾಗ ಅವರ ಮುಖ ನೋಡ್ತಿರು, ಕ್ಯಾಮೆರಾ ಕೈಗೆ ಸಿಗೋ ಹಾಗಿರ್ಲಿ.

ಹೊಸಬೆಳಕು (ಹಾಸನ)

ಸರಿ ಸರ್, ಹಂಗೇ ಮಾಡ್ತೀನಿ. ಬರೋ ಭಾನುವಾರ ಅರಸೀಕೆರೆ ಹತ್ರ ಒಂದು ತೊಟ್ಟಿ ಮನೆಗೆ ಹೋಗ್ತಿದೀನಿ, ಮೂರು ತಲೆಮಾರು ಒಟ್ಟಿಗಿದಾರೆ, ಎರಡು ಎಳೇ ಮಕ್ಕಳು. ತಿಂಡಿ ಹೊರಗಿಂದ ತರಿಸಿ ಅಂತ ಈಗ್ಲೇ ಫೋನ್ ಮಾಡಿ ಹೇಳ್ದೆ, ಆ ಮನೆ ಅಮ್ಮ ಒಪ್ಪಲೇ ಇಲ್ಲ, ಕೊನೆಗೆ ಮಗನೇ ಮಾಡ್ತಾನಂತೆ. ತೊಟ್ಟಿ ಬೆಳಕಿಗೆ ಯಾವ ಹೊತ್ತು ಒಳ್ಳೇದು ಅಂತ ಗೊತ್ತಿರೋರು ಹೇಳಿ.

ಬೆಳಕಿಂಡಿ (ಮೈಸೂರು)

ತೊಟ್ಟಿಗೆ ಬಿಸಿಲು ನೇರ ಇಳಿಯೋಕೆ ಮುಂಚೆ, ಅಂದ್ರೆ ಒಂಬತ್ತು ಹತ್ತರ ಒಳಗೆ, ಇಲ್ಲಾ ಮೂರೂವರೆ ಆದ್ಮೇಲೆ. ತೊಟ್ಟಿ ನಡುವೆ ಕೂರಿಸ್ಬೇಡಿ, ಸುತ್ತ ಪಡಸಾಲೆ ಕಂಬದ ಹತ್ರ, ಮುಖ ತೊಟ್ಟಿ ಕಡೆ. ನೀವು ಎದುರು ಪಡಸಾಲೇಲಿ ನಿಂತ್ರೆ ದೂರಾನೂ ಸಿಗತ್ತೆ, 50 ಎಂಎಂ ಕೂಡ ಸಾಕಾಗತ್ತೆ.